ಬಂಡೆಯ ಬುಡ ಶುಚಿ ಮಾಡುವ ದಿನ: ಚೀಲದಿಂದ ಶುರು ಮಾಡಿ

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ, ಕನಕಪುರ ರಸ್ತೆಗೂ ಬನಶಂಕರಿ 6ನೇ ಹಂತಕ್ಕೂ ನಡುವೆ ತುರಹಳ್ಳಿ ಕಾಡಿದೆ. ಅಲ್ಲಿನ ಕಲ್ಲುಗುಂಡುಗಳ ಮೇಲೆ ಊರಿನ ಕ್ಲೈಂಬರ್‌ಗಳು ದಶಕಗಳಿಂದ ಕೈ ಪಳಗಿಸಿಕೊಂಡಿದ್ದಾರೆ. ಮನೆಗಳು ಕಾಡಿನ ಅಂಚಿಗೇ ಬಂದು ನಿಂತ ಮೇಲೆ ಆ ಬಂಡೆಗಳ ಮರೆ ಕುಡಿಯಲು ಬರುವವರಿಗೂ ಒದಗಿತು. ಹತ್ತುವವರ ಓಡಾಟ ನಿಂತುಹೋದ ಬಂಡೆ ಎಲ್ಲೇ ಇರಲಿ, ಅದರ ಬುಡದಲ್ಲಿ ಸಿಗುವುದು ಹೆಚ್ಚುಕಮ್ಮಿ ಒಂದೇ: ಒಡೆದ ಬಿಯರ್ ಬಾಟಲಿ, 90 ಮಿಲಿ, 180 ಮಿಲಿಯ ಟೆಟ್ರಾ ಪ್ಯಾಕ್, ಪ್ಲಾಸ್ಟಿಕ್ ಲೋಟ, ಚಿಪ್ಸ್ ಪೊಟ್ಟಣ, ಗುಟ್ಕಾ ಚೀಟಿ. ಬಂಡೆಯ ಮೈಮೇಲೆ ಎಣ್ಣೆ ಪೈಂಟಿನಲ್ಲಿ ಒಂದೆರಡು ಹೆಸರು.

ಇಂಥ ಒಂದು ಬಂಡೆಯ ಬುಡವನ್ನು 25 ಜನ ಒಂದೇ ಬೆಳಗಿನಲ್ಲಿ ಮತ್ತೆ ಬರಿಗಾಲಿಡುವ ಹಾಗೆ ಮಾಡಬಹುದು. ಆ ದಿನ ಹಾಳಾದರೆ ಬಹುತೇಕ ಕಾರಣ ಒಂದೇ. ಚೀಲ ತುಂಬಿರುತ್ತದೆ, ಅದು ಎಲ್ಲಿಗೆ ಹೋಗಬೇಕೆಂದು ಯಾರೂ ಗೊತ್ತು ಮಾಡಿರುವುದಿಲ್ಲ. ರಸ್ತೆ ಪಕ್ಕ ಸಾಲಾಗಿ ನಿಲ್ಲಿಸಿ, ಫೋಟೊ ತೆಗೆದು ಎಲ್ಲರೂ ಹೊರಡುತ್ತಾರೆ. ರಾತ್ರಿ ನಾಯಿ, ಬೆಳಿಗ್ಗೆ ಮಂಗ. ಎರಡು ದಿನದಲ್ಲಿ ಅದೇ ಕಸ ಚೀಲದ ಚಿಂದಿಯ ಸಮೇತ ಕಾಡಿಗೆ ವಾಪಸು. ಹಾಗಾಗಿ ಕೆಲಸವನ್ನು ಹಿಂದಿನಿಂದ ಮುಂದಕ್ಕೆ ಗೊತ್ತು ಮಾಡಿಕೊಳ್ಳಿ. ಚೀಲದ ಕೊನೆಯ ನಿಲ್ದಾಣ ಮೊದಲು, ಜನ ಸೇರಿಸುವುದು ಕಡೆಗೆ.

ಕಸ ಎಲ್ಲಿಗೆ

ಮೂರು ಕಡೆ ಮಾತಾಡಬೇಕು. ಒಡೆಯದ ಬಾಟಲಿ, ಡಬ್ಬಿ, ಕಬ್ಬಿಣಕ್ಕೆ ಹತ್ತಿರದ ಗುಜರಿ ಅಂಗಡಿ. ಒಣ ಪ್ಲಾಸ್ಟಿಕ್, ಪೊಟ್ಟಣ, ಟೆಟ್ರಾ ಪ್ಯಾಕಿಗೆ ನಗರದಲ್ಲಾದರೆ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರ, ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ಕಸ ವಿಲೇವಾರಿ ಘಟಕ. ಒಡೆದ ಗಾಜಿನ ಮಾತೇ ಬೇರೆ. ಎಷ್ಟೋ ಗುಜರಿಯವರು ಅದನ್ನು ಮುಟ್ಟುವುದಿಲ್ಲ, ತೆಗೆದುಕೊಳ್ಳುವವರೂ ಮಣ್ಣು ಬೆರೆತಿದ್ದರೆ ಬೇಡ ಎನ್ನುತ್ತಾರೆ. ಒಂದು ಹಿಡಿ ಚೂರನ್ನು ಡಬ್ಬದಲ್ಲಿ ಹಾಕಿಕೊಂಡು ಹೋಗಿ ತೋರಿಸಿ, “ಇಂಥದ್ದು 100 ಕೆಜಿ ಬರುತ್ತೆ, ಭಾನುವಾರ 11 ಗಂಟೆಗೆ ತಗೋತೀರಾ?” ಎಂದೇ ಕೇಳಿ. ಭಾನುವಾರ ಕೇಂದ್ರ ಮುಚ್ಚಿದ್ದರೆ ಕಾರ್ಯಕ್ರಮವನ್ನು ಶನಿವಾರಕ್ಕೆ ತನ್ನಿ.

ಗಾಡಿಯನ್ನೂ ಈಗಲೇ ಹೇಳಿಡಿ. ಒಂದು ಸಣ್ಣ ಗೂಡ್ಸ್ ಆಟೊ ಅಥವಾ ಟಾಟಾ ಏಸ್ ಸಾಕು. ಚಾಲಕನಿಗೆ ಒಡೆದ ಗಾಜು ಇರುತ್ತದೆಂದು ಮೊದಲೇ ತಿಳಿಸಿ. ಮುಚ್ಚಳದ ಬಕೆಟ್ಟುಗಳು ಕೆಳಗೆ, ಹಗುರ ಚೀಲಗಳು ಮೇಲೆ.

ಅನುಮತಿ

ತುರಹಳ್ಳಿ, ಸಾವನದುರ್ಗದಂಥ ಕಡೆ ನೆಲ ಅರಣ್ಯ ಇಲಾಖೆಯದು. ಒಳ್ಳೆ ಕೆಲಸಕ್ಕೆ ಬಂದಿದ್ದೇವೆ ಎಂಬುದು ಅನುಮತಿಯಾಗುವುದಿಲ್ಲ. ಮೂರ್ನಾಲ್ಕು ವಾರ ಮುಂಚೆ ವಲಯ ಅರಣ್ಯಾಧಿಕಾರಿಗೆ ಒಂದು ಪುಟದ ಪತ್ರ ಕೊಡಿ: ದಿನ, ಹೊತ್ತು, ಯಾವ ಬಂಡೆ, ಎಷ್ಟು ಜನ, ಯಾವ ಸಲಕರಣೆ, ಗಾಡಿಯ ನಂಬರು, ಕಸ ಹೋಗುವ ಜಾಗ, ಜವಾಬ್ದಾರಿ ಹೊತ್ತವರ ಹೆಸರು, ಫೋನು. ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಆ ದಿನ ಗಾರ್ಡ್ ಅಥವಾ ವಾಚರ್ ಒಬ್ಬರು ಜೊತೆಗಿರಲಿ ಎಂದು ಪತ್ರದಲ್ಲೇ ಬೇಡಿಕೊಳ್ಳಿ. ಯಾವ ಪೊದೆಯಲ್ಲಿ ಏನಿದೆ ಎಂದು ಅವರಿಗೆ ಗೊತ್ತಿರುವಷ್ಟು ನಮಗ್ಯಾರಿಗೂ ಗೊತ್ತಿರುವುದಿಲ್ಲ.

ಬಾದಾಮಿ, ಹಂಪಿ ಕಡೆ ಇದಷ್ಟೇ ಸಾಲದು. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಎಂದು ಸ್ಮಾರಕ ರಕ್ಷಣೆಯ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಹೇಳುತ್ತದೆ. ಆ ನಿರ್ಬಂಧ ಮುಖ್ಯವಾಗಿ ಕಟ್ಟಡ ಕೆಲಸಕ್ಕೆ ಸೇರಿದ್ದಾದರೂ, ಅಲ್ಲಿ ನೆಲ ಕೆದಕುವ, ಬಂಡೆ ಉಜ್ಜುವ ಮುನ್ನ ಪುರಾತತ್ವ ಇಲಾಖೆಯ ಸ್ಥಳೀಯ ಕಚೇರಿಯನ್ನು ಕೇಳಲೇಬೇಕು.

ಕಾಗದಪತ್ರದಷ್ಟೇ ಮುಖ್ಯವಾದದ್ದು ಊರಿನವರ ಒಪ್ಪಿಗೆ. ಸಾವನದುರ್ಗದ ಬುಡದಲ್ಲಿ ವೀರಭದ್ರಸ್ವಾಮಿ, ನರಸಿಂಹಸ್ವಾಮಿ ಗುಡಿಗಳಿವೆ. ರಾಮನಗರದ ರಾಮದೇವರ ಬೆಟ್ಟ ಹೆಸರೇ ಹೇಳುವ ಹಾಗೆ ದೇವರ ಬೆಟ್ಟ. ಅರ್ಚಕರಿಗೆ, ದಾರಿಯ ಅಂಗಡಿಯವರಿಗೆ, ಕುರಿ ಮೇಯಿಸುವವರಿಗೆ ಹಿಂದಿನ ವಾರವೇ ಹೋಗಿ ಹೇಳಿ. ಯಾವ ರಾತ್ರಿ ಯಾರು ಬಂದು ಕೂರುತ್ತಾರೆ ಎಂಬುದು ಅವರಿಂದಲೇ ತಿಳಿಯುವುದು.

ಯಾವಾಗ

ಮಳೆ ಮುಗಿದ ಕೂಡಲೇ ಬೇಡ. ಹುಲ್ಲು ಸೊಂಟದೆತ್ತರ ಇರುತ್ತದೆ. ಗಾಜೂ ಕಾಣದು, ಹಾವೂ ಕಾಣದು. ಫೆಬ್ರವರಿಯಿಂದ ಕಾಡಿಗೆ ಬೆಂಕಿಯ ಕಾಲ, ಇಲಾಖೆಯವರು ಬಿಡುವುದೂ ಕಷ್ಟ. ಬೆಂಗಳೂರಿನ ಸುತ್ತ ಡಿಸೆಂಬರ್ ಮಧ್ಯದಿಂದ ಜನವರಿ ಕೊನೆವರೆಗಿನ ಆರು ವಾರ ಚೆನ್ನ: ಹುಲ್ಲು ಒಣಗಿ ಮಲಗಿರುತ್ತದೆ, ಬಿಸಿಲು ತಡೆಯುವಷ್ಟಿರುತ್ತದೆ.

ರಾಮನಗರದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ರಾಮದೇವರ ಬೆಟ್ಟ 2012ರಿಂದ ರಣಹದ್ದು ವನ್ಯಧಾಮ. ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟಿ ಮರಿ ಮಾಡುವುದು ನವೆಂಬರಿನಿಂದ ಬೇಸಿಗೆಯವರೆಗೆ, ಅದೂ ಬಂಡೆಯ ಚಾಚಿನ ಮೇಲೆ, ವರ್ಷಕ್ಕೆ ಒಂದೇ ಮೊಟ್ಟೆ. ಜನರ ಗದ್ದಲಕ್ಕೆ ಹಕ್ಕಿ ಎದ್ದುಹೋಗಿ ಮೊಟ್ಟೆ ಕೆಟ್ಟರೆ ಆ ವರ್ಷ ಆ ಜೋಡಿಗೆ ಮರಿ ಇಲ್ಲವೆಂದೇ ಲೆಕ್ಕ. ಅಲ್ಲಿ ಯಾವ ಕೆಲಸವಿದ್ದರೂ ಇಲಾಖೆ ಹೇಳಿದ ಜಾಗದಲ್ಲಿ, ಹೇಳಿದ ತಿಂಗಳಲ್ಲಿ ಮಾತ್ರ.

ಹೆಜ್ಜೇನಿಗೆ ಎಲ್ಲ ಕಡೆಯೂ ಒಂದೇ ನಿಯಮ. ಚಾಚುಬಂಡೆಯ ಅಡಿ ಕಪ್ಪಗೆ ಅರ್ಧಚಂದ್ರಾಕಾರ ತೂಗುತ್ತಿದ್ದರೆ ಆ ಮಗ್ಗುಲಿಗೆ ಹೋಗಬೇಡಿ. ಹುಳು ವಲಸೆ ಹೋಗುವ ಜಾತಿ. ಕೆಲವು ತಿಂಗಳು ಕಾದರೆ ತಾನಾಗೇ ಹೋಗುತ್ತದೆ. ಹೊಗೆ, ಅತ್ತರು, ಕೂಗಾಟ ಮೂರೂ ಅದನ್ನು ಕೆರಳಿಸುತ್ತವೆ. ಹಿಂದಿನ ವಾರ ನೋಡಿದ್ದು ಸಾಲದು, ಆ ಬೆಳಿಗ್ಗೆಯೂ ಒಬ್ಬರು ದುರ್ಬೀನು ಹಿಡಿದು ಇಡೀ ಬಂಡೆಯನ್ನು ನೋಡಿದ ಮೇಲೆಯೇ ಉಳಿದವರು ಹತ್ತಿರ ಹೋಗಬೇಕು.

ಎರಡು ವಾರ ಮುಂಚೆ ನೋಡಿ ಬನ್ನಿ

ಇಬ್ಬರು ಮೂವರು ಹೋಗಿ, ಬುಡವನ್ನು ನಾಲ್ಕೈದು ತುಂಡಾಗಿ ಮನಸ್ಸಿನಲ್ಲೇ ಕತ್ತರಿಸಿ, ಪ್ರತಿ ತುಂಡಿನ ಫೋಟೊ ತೆಗೆಯಿರಿ. ಎಲ್ಲಿ ನಿಂತು ತೆಗೆದಿರಿ ಎಂಬುದನ್ನು ಬರೆದಿಡಿ. ಮುಗಿದ ಮೇಲೆ ಅಲ್ಲೇ ನಿಂತು ಇನ್ನೊಂದು ಬೇಕು. ಎಷ್ಟು ಜನ ಬೇಕೆಂಬುದು ಗಾಜಿನ ಮೇಲೆ ನಿಂತಿದೆ. ಪ್ಲಾಸ್ಟಿಕ್ ಆಯುವುದು ಬೇಗ. ಗಾಜಿನ ಚೂರು ದಟ್ಟವಾಗಿದ್ದರೆ ಇಬ್ಬರಿಗೆ ಒಂದು ಗಂಟೆಯಲ್ಲಿ ಆಗುವುದು ಒಂದು ಸಣ್ಣ ಕೋಣೆಯಷ್ಟು ನೆಲ, ಅಂದರೆ ಸುಮಾರು 10 ಚದರ ಮೀಟರ್. ನಾಲ್ಕು ಗಂಟೆ ಕೆಲಸ, 24 ಜನ ಎಂದರೆ 400ರಿಂದ 450 ಚದರ ಮೀಟರಿಗಿಂತ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

80 ಜನ ಬರುತ್ತೇವೆ ಎಂದರೂ ಬೇಡ ಎನ್ನಿ. ಕಾಲುದಾರಿ ಅಗಲವಾಗುತ್ತದೆ, ಗಿಡ ತುಳಿದುಹೋಗುತ್ತದೆ, ಅರ್ಧ ಜನಕ್ಕೆ ಕೈಗವಸು ಇರುವುದಿಲ್ಲ, ಅವರ ಊಟದ ಕಸವೇ ಎರಡು ಚೀಲ. ಉಳಿದವರನ್ನು ಮುಂದಿನ ತಿಂಗಳಿಗೆ ಕರೆಯಿರಿ.

ಸಾಮಾನು

25 ಜನರ ಲೆಕ್ಕ ಹೀಗಿರಲಿ. ಗಾಜು ಆಯುವ 12 ಜನಕ್ಕೆ ಅಂಗೈಗೆ ಚರ್ಮ ಹೊಲಿದ ಕೈಗವಸು, ಉಳಿದವರಿಗೆ ನೈಟ್ರೈಲ್ ಲೇಪದ್ದು, ಅಳತೆ ದೊಡ್ಡದೂ ಚಿಕ್ಕದೂ. ಸಡಿಲ ಕೈಗವಸು ಹಾಕಿದವರು ಹತ್ತು ನಿಮಿಷಕ್ಕೆ ಬಿಚ್ಚಿಟ್ಟು ಬರಿಗೈಯಲ್ಲಿ ಶುರು ಮಾಡುತ್ತಾರೆ. ಕೈ ಕೊಯ್ದುಕೊಳ್ಳುವುದು ಆಗಲೇ. ಇಕ್ಕಳ 12, ಮೋಟು ಪೊರಕೆ ಮತ್ತು ಕಸದ ಮೊರ 6 ಜೊತೆ, ಕಟ್ಟಡ ಕೆಲಸದ ಬಾಂಡ್ಲಿ 4, ಸಣ್ಣ ಕಣ್ಣಿನ ಮರಳು ಜರಡಿ 2. ಒಡೆದ ಗಾಜಿಗೆ ಮುಚ್ಚಳವಿರುವ 20 ಲೀಟರಿನ ಖಾಲಿ ಪೈಂಟ್ ಬಕೆಟ್ 10, ಬಾಟಲಿಗೆ ಗೋಣಿಚೀಲ 20, ಪ್ಲಾಸ್ಟಿಕ್ಕಿಗೆ ಇನ್ನೊಂದು 20. ಸಿಮೆಂಟ್ ಚೀಲ ಪುಕ್ಕಟೆ ಸಿಗುತ್ತದೆ, ಆದರೆ ಗಾಜಿನ ಮೊನೆಗೆ ಸೀಳುತ್ತದೆ; ಬಿಸಿಲು ತಿಂದ ಚೀಲವಾದರೆ ಎಳೆ ಎಳೆಯಾಗಿ ಉದುರಿ ಹೊಸ ಕಸವಾಗುತ್ತದೆ. 50 ಕೆಜಿಯ ಕೊಕ್ಕೆ ತಕ್ಕಡಿ ಒಂದು. ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ತನ್ನಿ, ಬಾಟಲಿ ಮುಚ್ಚಳ ಮತ್ತು ಮೊಳೆ ಎತ್ತಲು ಅದಕ್ಕಿಂತ ಬೇಗದ್ದು ಇಲ್ಲ. ಕೊನೆಗೆ ಒಳ್ಳೆ ಟಾರ್ಚು ನಾಲ್ಕು. ಯಾಕೆಂದು ಮುಂದೆ ಬರುತ್ತದೆ.

ನೀರು ತಲೆಗೆ 3 ಲೀಟರ್, 20 ಲೀಟರಿನ ಕ್ಯಾನಿನಲ್ಲಿ. ಎಲ್ಲರೂ ಮನೆಯಿಂದ ಸ್ಟೀಲ್ ಬಾಟಲಿ, ಲೋಟ, ತಟ್ಟೆ ತರಲಿ. ತಿಂಡಿಗೆ ಚಿತ್ರಾನ್ನ ಅಥವಾ ಇಡ್ಲಿ ಪಾತ್ರೆಯಲ್ಲೇ ಬರಲಿ, ಪೊಟ್ಟಣದಲ್ಲಿ ಬೇಡ. ಫ್ಲೆಕ್ಸ್ ಬ್ಯಾನರು ಬೇಡವೇ ಬೇಡ: ಕರ್ನಾಟಕದಲ್ಲಿ 2016ರ ಅಧಿಸೂಚನೆಯಲ್ಲೇ ಪ್ಲಾಸ್ಟಿಕ್ಕಿನ ಫ್ಲೆಕ್ಸು ನಿಷೇಧವಾಗಿದೆ. ಹಳೇ ಪಂಚೆಯ ಮೇಲೆ ಬಣ್ಣದಲ್ಲಿ ಬರೆದರೆ ಹತ್ತು ವರ್ಷ ಬರುತ್ತದೆ.

ಆ ಬೆಳಿಗ್ಗೆ

ಆರೂವರೆಗೆ ಸೇರಿ, ಹತ್ತೂವರೆಗೆ ಆಯುವುದನ್ನು ನಿಲ್ಲಿಸಿ. ಐದೈದು ಜನರ ಐದು ಗುಂಪು, ಪ್ರತಿ ಗುಂಪಿಗೆ ಜಾಗ ಗೊತ್ತಿರುವ ಒಬ್ಬರು. ಹೊರಡುವ ಮುಂಚೆ ಐದು ನಿಮಿಷದಲ್ಲಿ ಹೇಳಬೇಕಾದದ್ದು: ಕೈ ಹಾಕುವ ಮುಂಚೆ ಕಡ್ಡಿ ಹಾಕಿ. ಸಂದಿಗೆ, ಕಲ್ಲಿನಡಿಗೆ, ಒಣ ಎಲೆಯ ರಾಶಿಗೆ ಬರಿಗೈ ಹೋಗಕೂಡದು. ಕೊಳಕುಮಂಡಲ ಒಣಗಿದ ಎಲೆಯ ಬಣ್ಣದ್ದೇ, ಬೆಳಗಿನ ಚಳಿಗೆ ಜಡವಾಗಿ ಬಿದ್ದಿರುತ್ತದೆ. ಕಲ್ಲನ್ನು ಎತ್ತಲೇಬೇಕಾದರೆ ಆಚೆ ತುದಿಯನ್ನು ನಿಮ್ಮ ಕಡೆಗೆ ಮಗುಚಿ. ಅಡಿಯಲ್ಲಿ ಚೇಳಿದ್ದರೆ ಕಲ್ಲು ನಿಮಗೂ ಅದಕ್ಕೂ ನಡುವೆ ಇರುತ್ತದೆ. ನೋಡಿ, ಹಾಗೇ ಮೆಲ್ಲಗೆ ವಾಪಸು ಇಡಿ. ಇಳಿಜಾರಿನಲ್ಲಿ ಒಬ್ಬರ ಮೇಲೊಬ್ಬರು ನಿಂತು ಕೆಲಸ ಮಾಡಬಾರದು. ಎಲ್ಲರೂ ಒಂದೇ ಎತ್ತರದಲ್ಲಿ ಅಡ್ಡಸಾಲಾಗಿ ಸಾಗಬೇಕು, ಮೇಲಿನವರ ಕಾಲಿಗೆ ಸಿಕ್ಕ ಬಾಟಲಿ ಕೆಳಗಿನವರ ತಲೆಗೆ ಬರುತ್ತದೆ.

ಗಾಜು

ಈ ಕೆಲಸದ ಮುಕ್ಕಾಲು ಪಾಲು ಗಾಜೇ. ಮೂರು ಸುತ್ತು ಬೇಕು, ಒಂದಾದ ಮೇಲೊಂದು. ಮೂರನ್ನೂ ಒಟ್ಟಿಗೆ ಮಾಡಹೊರಟರೆ ಪುಡಿ ತುಳಿದು ಮಣ್ಣಿಗೆ ಸೇರುತ್ತದೆ.

ಮೊದಲ ಸುತ್ತಿನಲ್ಲಿ ಇಡೀ ಬಾಟಲಿ. 650 ಮಿಲಿಯ ಖಾಲಿ ಬಿಯರ್ ಬಾಟಲಿ ಸುಮಾರು ಅರ್ಧ ಕೆಜಿ ತೂಗುತ್ತದೆ. ಚೀಲಕ್ಕೆ 25 ಬಾಟಲಿ ಹಾಕಿದರೆ ಹನ್ನೆರಡು ಹದಿಮೂರು ಕೆಜಿ. ಬಂಡೆಗಳ ನಡುವೆ ಹೊತ್ತು ಇಳಿಯಲು ಅಷ್ಟೇ ಮಿತಿ. ಬಾಯಿ ಮೇಲಾಗಿ ಬಿದ್ದ ಬಾಟಲಿಯಲ್ಲಿ ನೀರಿದ್ದರೆ ಬಗ್ಗಿಸಿ ಚೆಲ್ಲಿ, ಒಳಗೆ ಹಲ್ಲಿಯೋ ಓತಿಯೋ ಸಿಕ್ಕಿಕೊಂಡಿದೆಯೇ ನೋಡಿ.

ಎರಡನೇ ಸುತ್ತಿನಲ್ಲಿ ಕೈಯಗಲದ ತುಂಡುಗಳು, ಇಕ್ಕಳದಲ್ಲಿ, ನೇರ ಬಕೆಟ್ಟಿಗೆ. ಬಕೆಟ್ ಅರ್ಧ ತುಂಬಿದರೆ ಮುಚ್ಚಳ ಹಾಕಿ ಬದಿಗಿಡಿ. ಅರ್ಧ ಬಕೆಟ್ಟೇ ಹತ್ತು ಕೆಜಿ ದಾಟುತ್ತದೆ, ಪೂರ್ತಿ ತುಂಬಿದರೆ ಹಿಡಿ ಕಿತ್ತುಬರುತ್ತದೆ. ತಳ ಒಡೆದ ಬಾಟಲಿಯ ಕೊರಳು ನೆಲದಲ್ಲಿ ಹೂತು ಮೊನೆ ಮೇಲಾಗಿ ನಿಂತಿರುತ್ತದೆ. ಎಳೆಯಬೇಡಿ, ಸುತ್ತ ಕಡ್ಡಿಯಿಂದ ಮಣ್ಣು ಸಡಿಲಿಸಿ ಎತ್ತಿ.

ಮೂರನೆಯದೇ ನಿಜವಾದ ಕೆಲಸ: ಉಗುರಿನಗಲದ ಚೂರು. ನಿಂತು ನೋಡಿದರೆ ನೆಲ ಶುಚಿಯಾಗಿಯೇ ಕಾಣುತ್ತದೆ. ಮೊಣಕಾಲೂರುವ ಜಾಗಕ್ಕೆ ದಪ್ಪ ರಬ್ಬರ್ ಚಾಪೆ ಹಾಕಿ ಕುಳಿತು, ಟಾರ್ಚನ್ನು ನೆಲಕ್ಕೆ ತಾಗಿಸಿದಂತೆ ಅಡ್ಡಲಾಗಿ ಹಿಡಿಯಿರಿ. ಬಂಡೆಯ ನೆರಳಿನಲ್ಲಿ ಕಂದು, ಹಸಿರು ಚೂರುಗಳು ಒಂದೊಂದೇ ಮಿನುಗುತ್ತವೆ; ಅಭ್ರಕವೂ ಮಿನುಗುತ್ತದೆ, ಆದರೆ ಅದರ ಬೆಳಕು ಚಪ್ಪಟೆ, ಗಾಜಿನದು ಅಂಚಿನಲ್ಲಿ ಗೆರೆಯಾಗಿ ಹೊಳೆಯುತ್ತದೆ. ಹಾಸುಬಂಡೆಯ ಮೇಲಾದರೆ ಪೊರಕೆಯಿಂದ ಮೊರಕ್ಕೆ ಗುಡಿಸಿ. ಮಣ್ಣಿನಲ್ಲಾದರೆ ಮೇಲಿನ ಎರಡು ಬೆರಳು ದಪ್ಪದ ಮಣ್ಣನ್ನು ಬಾಂಡ್ಲಿಗೆ ತೆಗೆದು ಜರಡಿ ಹಿಡಿದು, ಇಳಿದ ಮಣ್ಣನ್ನು ಅಲ್ಲೇ ವಾಪಸು ಹರಡಿ. ಹತ್ತುವವರು ಬೀಳುವ ಜಾಗ, ಬರಿಗಾಲಲ್ಲಿ ಶೂ ಹಾಕಿಕೊಳ್ಳುವ ಜಾಗ, ಹಗ್ಗ ಸುರುಳಿ ಬೀಳುವ ಜಾಗ, ಈ ಮೂರಕ್ಕೆ ಮಾತ್ರ ಜರಡಿ. ಕಾಡಿಗೆಲ್ಲ ಜರಡಿ ಹಿಡಿಯಲಾಗದು, ಹಿಡಿಯಲೂ ಬಾರದು: ಒಣ ಎಲೆಯ ಹೊದಿಕೆ ತೆಗೆದರೆ ಮೊದಲ ಮಳೆಗೇ ಮಣ್ಣು ಕೊಚ್ಚಿಹೋಗುತ್ತದೆ.

ಚುಚ್ಚುಮದ್ದಿನ ಸೂಜಿ ಸಿಕ್ಕರೆ ಗುಂಪಿನ ಮುಂದಾಳು ಮಾತ್ರ ಇಕ್ಕಳದಲ್ಲಿ ಎತ್ತಿ ಗಟ್ಟಿ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಬೇಕು. ಆ ಡಬ್ಬ ಆಸ್ಪತ್ರೆಗೆ ಹೋಗಬೇಕು, ಗುಜರಿಗಲ್ಲ. ಯಾವ ಕಸಕ್ಕೂ ಬೆಂಕಿ ಹಚ್ಚಕೂಡದು.

ಮರದಡಿ, ಬಂಡೆಯ ಸಂದಿಯಲ್ಲಿ ಗಾಜೊಡೆದ ದೇವರ ಫೋಟೊಗಳಿರುತ್ತವೆ, ಕುಂಕುಮ ಹಚ್ಚಿದ ಕಲ್ಲು, ನಿಂಬೆಹಣ್ಣು, ಬಳೆ. ಅವನ್ನು ಯಾರೂ ತಮ್ಮಷ್ಟಕ್ಕೆ ಎತ್ತಬಾರದು. ಅರ್ಚಕರನ್ನೋ ಊರಿನ ಹಿರಿಯರನ್ನೋ ಕೇಳಿ. ಫೋಟೊ ತೆಗೆಯಬಹುದು ಎಂದರೆ ಚಿತ್ರ ಬೇರೆ, ಚೌಕಟ್ಟು ಬೇರೆ ಮಾಡಿ ಚಿತ್ರಗಳನ್ನು ಅವರ ಕೈಗೇ ಕೊಡಿ. ಪೂಜೆ ನಡೆಯುವ ಕಲ್ಲಾದರೆ ಸುತ್ತಲಿನ ಪ್ಲಾಸ್ಟಿಕ್ ಮಾತ್ರ ತೆಗೆಯಿರಿ.

ಬಂಡೆಯ ಮೇಲಿನ ಪೈಂಟ್

ಉಜ್ಜುವ ಮುಂಚೆ ಅದು ಪೈಂಟೇ ಎಂದು ಖಾತ್ರಿ ಮಾಡಿಕೊಳ್ಳಿ. ಬಾದಾಮಿ ಹತ್ತಿರದ ಸಿಡಿಲಫಡಿಯಲ್ಲಿ, ಆನೆಗೊಂದಿಯ ಸುತ್ತಿನ ಕಲ್ಲಾಸರೆಗಳಲ್ಲಿ ಸಾವಿರಾರು ವರ್ಷ ಹಿಂದಿನವರು ಕೆಂಪು ಕಾವಿಯಲ್ಲಿ ಬರೆದ ಚಿತ್ರಗಳಿವೆ. ಮಳೆ ಬೀಳದ ಚಾಚಿನಡಿ ಮಾಸಿದ ಕೆಂಪು ಗೆರೆ ಕಂಡರೆ ಕೈ ಹಿಂದಕ್ಕೆ ತನ್ನಿ, ನೀರೂ ಚಿಮುಕಿಸಬೇಡಿ, ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ. ಬೂದು, ಹಳದಿ, ಹಸಿರು ಪೊರೆಯಂತೆ ಅಂಟಿದ ಕಲ್ಲುಹೂವನ್ನೂ ಬಿಟ್ಟುಬಿಡಿ. ಅದು ಕೊಳೆಯಲ್ಲ, ಅಂಗೈಯಗಲ ಬೆಳೆಯಲು ಹತ್ತಾರು ವರ್ಷ ಬೇಕಾದ ಜೀವ.

ತುರಹಳ್ಳಿ, ರಾಮನಗರದ ಗಟ್ಟಿ ಕಲ್ಲಿನ ಮೇಲಿನ ಎಣ್ಣೆ ಪೈಂಟಿಗೆ ನೀರಿನಲ್ಲಿ ತೊಳೆದುಹೋಗುವ, ಮಣ್ಣಲ್ಲಿ ಕರಗುವ ಜಾತಿಯ ಪೈಂಟ್ ರಿಮೂವರ್ ಜೆಲ್ ಬಳಸಿ. ಮೊದಲು ಮೂಲೆಯಲ್ಲಿ ಅಂಗೈಯಗಲ ಹಚ್ಚಿ ನೋಡಿ. ನೆರಳಿದ್ದಾಗಲೇ ಹಚ್ಚಬೇಕು, ಬಿಸಿಲಿಗೆ ಜೆಲ್ ಒಣಗಿ ಪೈಂಟಿನ ಜೊತೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ದಪ್ಪಗೆ ಬಳಿದು, ಮೇಲೆ ಪ್ಲಾಸ್ಟಿಕ್ ಹಾಳೆ ಒತ್ತಿ, ಡಬ್ಬದ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ನೈಲಾನ್ ಬ್ರಷ್ಷಿನಲ್ಲಿ ಸುತ್ತು ಸುತ್ತಾಗಿ ಉಜ್ಜಿ. ಕರಗಿದ್ದನ್ನು ಬಟ್ಟೆಯಲ್ಲಿ ಒರೆಸಿ ಬಕೆಟ್ಟಿಗೆ ಹಾಕಿ, ಬುಡದಲ್ಲಿ ಚಿಂದಿ ಬಟ್ಟೆಯ ಕಟ್ಟೆ ಕಟ್ಟಿ. ಆ ನೀರು ಮಣ್ಣಿಗಿಳಿಯಬಾರದು. ಕಬ್ಬಿಣದ ತಂತಿ ಬ್ರಷ್ ಬೇಡ. ಅದರ ಕಣಗಳು ಕಲ್ಲಿನ ರಂಧ್ರದಲ್ಲಿ ಉಳಿದು ಮಳೆಗಾಲದಲ್ಲಿ ತುಕ್ಕಿನ ಗೆರೆ ಇಳಿಯುತ್ತದೆ. ಬಾದಾಮಿಯ ಮರಳುಗಲ್ಲಿನ ಮೇಲೆ ಈ ಯಾವುದೂ ಬೇಡ, ಪೈಂಟಿಗಿಂತ ಮೊದಲು ಕಲ್ಲಿನ ತೊಗಟೆಯೇ ಉದುರುತ್ತದೆ. ಹತ್ತುವವರು ಬಿಟ್ಟ ಚಾಕ್ (ಕೈ ಜಾರದಂತೆ ಹಚ್ಚಿಕೊಳ್ಳುವ ಬಿಳಿ ಪುಡಿ) ಗುರುತಿಗೆ ಮೆತ್ತನೆ ಬ್ರಷ್, ಒಂದಿಷ್ಟು ನೀರು ಸಾಕು.

ಹಗ್ಗದ ಮೇಲಿನ ಕೆಲಸ

ಚಾಚಿನ ಮೇಲೆ ಸಿಕ್ಕ ಕಸ, ಆ್ಯಂಕರಿನಲ್ಲಿ (ಹಗ್ಗಕ್ಕೆ ಬಂಡೆಯಲ್ಲಿ ಮಾಡಿದ ಆಧಾರ) ತೂಗುವ ಬಣ್ಣಗೆಟ್ಟ ಸ್ಲಿಂಗು, ಅಂದರೆ ಪಟ್ಟಿಯ ಕುಣಿಕೆ, ಇವನ್ನು ತೆಗೆಯಲು ಹಗ್ಗದಲ್ಲಿ ಇಳಿಯಬೇಕು. ಇದು ಅನುಭವವಿರುವ ಇಬ್ಬರ ಕೆಲಸ. ಸ್ವಯಂಸೇವಕರು ಬುಡಕ್ಕೆ ಬರುವ ಮೊದಲು ಅಥವಾ ಹೋದ ಮೇಲೆ. ಎರಡು ಬೇರೆ ಬೇರೆ ಆಧಾರಕ್ಕೆ ಕಟ್ಟಿದ ಹಗ್ಗ, ಬಂಡೆಯಂಚಿಗೆ ದಪ್ಪ ಕ್ಯಾನ್ವಾಸ್, ತಲೆಗೆ ಹೆಲ್ಮೆಟ್, ಕಸ ಹಾಕಲು ಹಾರ್ನೆಸ್ಸಿಗೆ (ಸೊಂಟಕ್ಕೆ ತೊಡುವ ಪಟ್ಟಿ) ಕಟ್ಟಿದ ಬಕೆಟ್. ಮೇಲಿಂದ ಏನನ್ನೂ ಎಸೆಯಬಾರದು. ಕೆಳಗೆ ಬಂಡೆಯ ಅರ್ಧ ಎತ್ತರದಷ್ಟು ದೂರ ಖಾಲಿ ಇರಲಿ, ಇಳಿಜಾರಾದರೆ ಕಲ್ಲು ಉರುಳುವ ದಾರಿ ಪೂರ್ತಿ.

ಬಿಸಿಲಿಗೆ ಬಿಳಿಚಿ, ಮುಟ್ಟಿದರೆ ಒರಟಾಗಿ ಗರಗರ ಎನ್ನುವ ನೈಲಾನ್ ಸ್ಲಿಂಗನ್ನು ಕತ್ತರಿಸಿ ತನ್ನಿ. ಬಂಡೆಗೆ ಕೊರೆದು ಕೂರಿಸಿದ ಬೋಲ್ಟಿಗೆ ಮಾತ್ರ ಕೈ ಹಾಕಬೇಡಿ. ತಿರುಗುವ ಹ್ಯಾಂಗರು (ಬೋಲ್ಟಿಗೆ ಸಿಕ್ಕಿಸಿದ ಲೋಹದ ಕೊಂಡಿ), ತುಕ್ಕು, ಸ್ಟೇನ್‌ಲೆಸ್ ಹ್ಯಾಂಗರಿಗೆ ಸಾದಾ ಬೋಲ್ಟು ಸೇರಿಸಿರುವುದು (ಎರಡು ಬೇರೆ ಲೋಹ ತಾಗಿದಲ್ಲಿ ಸಾದಾ ಬೋಲ್ಟು ಬೇಗ ತಿಂದುಹೋಗುತ್ತದೆ), ಇವನ್ನು ಫೋಟೊ ಸಮೇತ ಪಟ್ಟಿ ಮಾಡಿ. ಅಂದಾಜಿನಲ್ಲಿ ಸ್ಪ್ಯಾನರ್ ತಿರುಗಿಸಿದರೆ ಹಳೇ ಬೋಲ್ಟು ಒಳಗೇ ಸೀಳಿ, ಹೊರಗೆ ಗಟ್ಟಿಯಾಗಿ ಕಾಣುತ್ತದೆ. ಅದಕ್ಕಿಂತ ಅಪಾಯ ಬೇರೆ ಇಲ್ಲ. ಸಡಿಲ ಕಲ್ಲು ಉರುಳಿಸುವುದಕ್ಕೂ ಬೇರೆಯದೇ ದಿನ ಬೇಕು.

ಪೆಟ್ಟಾದರೆ

ಗಾಜು ಕೊಯ್ದರೆ ನೀರಿನಲ್ಲಿ ತೊಳೆದು, ಬಟ್ಟೆ ಒತ್ತಿ ಹಿಡಿದು ಕಟ್ಟಿ. ಟಿಟಿ ಚುಚ್ಚುಮದ್ದಿನ ಬಗ್ಗೆ ಅಂದೇ ಡಾಕ್ಟರನ್ನು ಕೇಳಲಿ. ಹೆಜ್ಜೇನು ಎದ್ದರೆ ಸಾಮಾನು ಬಿಟ್ಟು, ಮುಖ ಮುಚ್ಚಿಕೊಂಡು ಓಡಿ, ಗಾಡಿಯೊಳಗೆ ಸೇರಿ ಗಾಜು ಏರಿಸಿ. ಕೈ ಬೀಸಿದರೆ ಇನ್ನಷ್ಟು ಬರುತ್ತವೆ. ಮುಳ್ಳನ್ನು ಉಗುರಿನಿಂದ ಕೆರೆದು ತೆಗೆಯುವುದು ಬೇಗ ಆಗಬೇಕು. ಉಸಿರು ಕಟ್ಟಿದರೆ, ತುಟಿ ಊದಿದರೆ, ತುಂಬ ಕಡೆ ಕಚ್ಚಿದ್ದರೆ ತಡಮಾಡದೆ ಆಸ್ಪತ್ರೆ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ವಾಚು ಬಿಚ್ಚಿ, ಕೈಕಾಲು ಅಲುಗದ ಹಾಗೆ ಕಡ್ಡಿ ಕೊಟ್ಟು, ನಡೆಸದೆ ಹೊತ್ತು ಇಳಿಸಿ. 108ಕ್ಕೆ ಕರೆ ಮಾಡಿ. ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಮದ್ದಿದೆ ಎಂದು ಹಿಂದಿನ ದಿನವೇ ಫೋನ್ ಮಾಡಿ ಕೇಳಿರಬೇಕು. ಸ್ಟ್ರೆಚರಿಗೆ ಎರಡು ಬಿದಿರಿನ ಗಳ, ಒಂದು ದಪ್ಪ ಜಮಖಾನ ಸಾಕು.

ಹತ್ತೂವರೆಯ ನಂತರ

ಚೀಲಗಳನ್ನು ತೂಗಿ ಬರೆದುಕೊಳ್ಳಿ: ಬಾಟಲಿ ಎಷ್ಟು, ಒಡೆದ ಗಾಜು ಎಷ್ಟು, ಪ್ಲಾಸ್ಟಿಕ್ ಎಷ್ಟು, ನೆಲದ ಯಾವ ತುಂಡಿನಿಂದ. ಇಬ್ಬರು ಗಾಡಿಯ ಜೊತೆಗೇ ಹೋಗಿ ಇಳಿಸಿ ಬರಲಿ. ಉಳಿದವರು ಕೈಗವಸನ್ನು ಎಣಿಸಿ ತೆಗೆದುಕೊಳ್ಳಲಿ. ಪ್ರತಿ ಸಲ ಒಂದೆರಡು ಪೊದೆಯಲ್ಲೇ ಉಳಿಯುತ್ತವೆ. ಅದೇ ವಾರ ಈ ಪಟ್ಟಿಯನ್ನು, ಮೊದಲ ಮತ್ತು ಕೊನೆಯ ಫೋಟೊಗಳನ್ನು ವಲಯ ಕಚೇರಿಗೆ ಕೊಡಿ. ಕುಡಿದು ಕೂರುವ ಜಾಗ ಯಾವುದೆಂದು ತೂಕವೇ ತೋರಿಸುತ್ತದೆ, ಗಸ್ತು ಅತ್ತ ತಿರುಗಲು ಅದೇ ಆಧಾರ. ಮುಂದೆ ಕಾಡಿನಲ್ಲಿ ಕುಡಿತ, ಬೆಂಕಿ ಕಂಡರೆ ಇಲಾಖೆಯ ಸಹಾಯವಾಣಿ 1926.

ಕಸದ ಡಬ್ಬಿ ಇಡೋಣ ಎಂದು ಯಾರಾದರೂ ಹೇಳೇ ಹೇಳುತ್ತಾರೆ. ದಿನಾ ಖಾಲಿ ಮಾಡುವವರಿಲ್ಲದ ಡಬ್ಬಿ ಮಂಗಗಳ ತಟ್ಟೆ. ಕಸವನ್ನು ಇಲ್ಲೇ ಬಿಡಬಹುದು ಎಂದು ಜನಕ್ಕೂ ಅದೇ ಹೇಳಿಕೊಡುತ್ತದೆ. ಆ ದುಡ್ಡಿಗೆ ನಾಲ್ಕು ಜನರ ಕೈಗವಸು, ಇಕ್ಕಳ ತಂದಿಟ್ಟುಕೊಳ್ಳಿ. ಪ್ರತಿ ತಿಂಗಳ ಮೊದಲ ಶನಿವಾರ ನಾಲ್ಕೇ ಜನ, ಎರಡೇ ಗಂಟೆ, ಒಂದು ಬಕೆಟ್, ಎರಡು ಚೀಲ. ಶುಚಿಯಾದ ನೆಲದ ಮೇಲೆ ಬಾಟಲಿ ಒಡೆಯುವ ಮುಂಚೆಯೇ ಎತ್ತಿಕೊಂಡರೆ ಜರಡಿಯ ಕೆಲಸ ಮತ್ತೆ ಬರುವುದಿಲ್ಲ. ಮೊದಲ ಸಲ ಜರಡಿ ಹಿಡಿದ ಜಾಗದಲ್ಲಿ ಮೊದಲ ದೊಡ್ಡ ಮಳೆಯಾದ ಮೇಲೆ ಟಾರ್ಚು ಹಿಡಿದು ಇನ್ನೊಂದು ಸುತ್ತು ಹಾಕಿ, ಹೂತಿದ್ದ ಚೂರುಗಳು ಆಗ ಮೇಲೆದ್ದಿರುತ್ತವೆ.